ಬಡವನ ರೇಸು, ಕಾಕಾನ ಮಾರುತಿ

ಈ ಸಲ ದೀಪಾವಳಿಗೆ ಖಾನಾಪುರಕ್ಕೆ ಹೋದಾಗ ಕಾಕಾನ ಮನೆ ಹಿತ್ತಲಲ್ಲಿ ನೀಲಿ ತಾಡಪತ್ರಿ ಹೊದ್ದು ಕೂತಿರೋ ಗಾಡಿಯನ್ನ ನಾಲ್ಕು ವರ್ಷದ ಮೇಲೆ ಮುಟ್ಟಿದೆ. ಕೆಎ 22, ಬಿಳಿ ಮಾರುತಿ 800, 1997ರ ಮಾಡೆಲ್ಲು. ಎಡಗಡೆ ಮುಂದಿನ ರೆಕ್ಕೆ ಚಪ್ಪಟೆಯಾಗಿದೆ. ಚಪ್ಪಟೆ ಮಾಡಿದ್ದು ನಾನೇ. ಆ ವಿಷಯಕ್ಕೆ ಆಮೇಲೆ ಬರ್ತೀನಿ, ಮೊದಲೇ ಹೇಳಿಬಿಟ್ರೆ ನೀವು ಮುಂದೆ ಓದದೇ ಬೈದು ಹೋಗಿಬಿಡ್ತೀರ.

ಒಂದು ವರ್ಷದಿಂದ ನನ್ನ ತಲೆಯಲ್ಲಿ ಒಂದೇ ಹುಳ. ಟ್ರ್ಯಾಕ್ ಡೇಗೆ ಹೋಗಬೇಕು, ಅದಕ್ಕೊಂದು ಅಗ್ಗದ ಕಾರು ಬೇಕು. ಟ್ರ್ಯಾಕ್ ಡೇ ಅಂದ್ರೆ ರೇಸ್ ಅಲ್ಲ. ದುಡ್ಡು ಕಟ್ಟಿ, ಹೆಲ್ಮೆಟ್ ಹಾಕ್ಕೊಂಡು, ನಿಮ್ಮದೇ ಕಾರನ್ನ ರೇಸ್ ಟ್ರ್ಯಾಕಿನಲ್ಲಿ ಸರದಿ ಪ್ರಕಾರ ಓಡಿಸೋದು. ಬಹುಮಾನ ಇಲ್ಲ, ಪೋಡಿಯಂ ಇಲ್ಲ. ಎದುರಿಂದ ಲಾರಿ ಬರಲ್ಲ, ಎಮ್ಮೆ ಅಡ್ಡ ಬರಲ್ಲ, ತಪ್ಪು ಮಾಡಿದ್ರೆ ಮಣ್ಣಿಗೆ ಇಳೀತೀರ, ಅಷ್ಟೇ. ಮನೇಲಿ ಇದನ್ನ ಮೂರು ಸಲ ವಿವರಿಸಿದೆ. ಮೂರನೇ ಸಲ ಅವ್ವ ಕೇಳಿದ್ದು: "ರೊಕ್ಕಾ ಕೊಟ್ಟು, ಹೋದ ಜಾಗಕ್ಕs ಸುತ್ತಿ ಸುತ್ತಿ ಬರೂದು? ಗಾಣದ ಎತ್ತಿನಂಗ?" ಉತ್ತರ ಹೊಳೀಲಿಲ್ಲ.

ಯಾವ ಕಾರು ಅಂತ ಹುಡುಕ್ತಾ ಹೋದವನು ಹಳೇ ಕಥೆಗಳಲ್ಲಿ ಕಳೆದುಹೋದೆ. ಕಾರಿನ ಬೆಲೆ ನೋಡೋದು ಬಿಟ್ಟು, ನಮ್ಮ ದೇಶದಲ್ಲಿ ದುಡ್ಡಿಲ್ಲದವರು ಏನು ಓಡಿಸ್ತಿದ್ರು ಅಂತ ಓದೋಕೆ ಶುರು ಮಾಡಿದೆ. ಅದನ್ನ ಇಲ್ಲಿ ಹಂಚ್ಕೊಳ್ತಿದೀನಿ. ಕಾರು ಅಂದ್ರೆ ಆಗದವರು ಕೂಡ ಓದಬಹುದು, ಇದರಲ್ಲಿ ಮನುಷ್ಯರೇ ಜಾಸ್ತಿ.

ಎಲ್ಲಾ ಕಡೆ ಈ ಕಥೆ ಶುರುವಾಗೋದು ಯುದ್ಧದಿಂದ. ಎರಡನೇ ಮಹಾಯುದ್ಧ ಮುಗಿದಾಗ ಇಂಗ್ಲೆಂಡಿನ ತುಂಬಾ ವಿಮಾನಪಟ್ಟಿಗಳು ಖಾಲಿ ಬಿದ್ದಿದ್ವು. ಬಾಂಬರ್‌ಗಳು ಹೋದವು, ಕಾಂಕ್ರೀಟು ಉಳೀತು. 1948ರಲ್ಲಿ ಸಿಲ್ವರ್‌ಸ್ಟೋನ್ ಅನ್ನೋ ಅಂಥದ್ದೇ ಒಂದು ಬಾಂಬರ್ ನೆಲೆಯಲ್ಲಿ ಗ್ರ್ಯಾನ್ ಪ್ರಿ ಓಡಿಸಿದರು. ಇವತ್ತಿಗೂ ಫಾರ್ಮುಲಾ ಒನ್ ಅಲ್ಲೇ ಓಡತ್ತೆ. ಜಾಗ ಹಾಗೆ ಸಿಕ್ತು. ಕಾರು? ಅದಕ್ಕೆ ಆಸ್ಟಿನ್ 7 ಇತ್ತು. 1922ರಲ್ಲಿ ಬಂದ, 747 ಸಿಸಿಯ ಪುಟ್ಟ ಕಾರು, ಮೋಟರ್ ಸೈಕಲ್ಲಿಗೆ ಸೈಡ್‌ಕಾರ್ ಕಟ್ಟಿಕೊಂಡು ತಿರುಗ್ತಿದ್ದ ಸಂಸಾರಸ್ಥರಿಗೆ ಅಂತ ಮಾಡಿದ್ದು. ಯುದ್ಧದ ಹೊತ್ತಿಗೆ ಹಳೇ ಆಸ್ಟಿನ್ 7ಗಳು ಮೂರು ಕಾಸಿಗೆ ಸಿಗ್ತಿದ್ವು. ಕಾಲಿನ್ ಚಾಪ್‌ಮನ್ ಅನ್ನೋ ಎಂಜಿನಿಯರಿಂಗ್ ಹುಡುಗ 1948ರಲ್ಲಿ ಅಂಥದ್ದೊಂದನ್ನ ಬಿಚ್ಚಿ, ಮೇಲೊಂದು ಹಗುರ ಮೈ ಕಟ್ಟಿ, ಲೋಟಸ್ ಅಂತ ಹೆಸರಿಟ್ಟ. ನ್ಯೂಜಿಲೆಂಡಿನಲ್ಲಿ ಬ್ರೂಸ್ ಮೆಕ್‌ಲಾರೆನ್ ಮೊದಲು ಓಡಿಸಿದ ರೇಸು ಕೂಡ ಹಳೇ ಆಸ್ಟಿನ್ 7ರಲ್ಲೇ. ಅಂದ್ರೆ ಇವತ್ತು ಕೋಟಿಗಟ್ಟಲೆ ಬೆಲೆಯ ಕಾರಿನ ಮೂತಿ ಮೇಲಿರೋ ಎರಡು ಹೆಸರು ಶುರುವಾಗಿದ್ದು ಯಾರೋ ಮಾರಿ ಕೈ ತೊಳ್ಕೊಂಡ ಸಂಸಾರದ ಗಾಡಿಯಲ್ಲಿ.

ನಮ್ಮಲ್ಲೂ ಹಾಗೇ ಆಯ್ತು. ಮದ್ರಾಸಿನ ಉತ್ತರಕ್ಕೆ, ರೆಡ್ ಹಿಲ್ಸ್ ದಾಟಿದ ಮೇಲೆ ಸೋಲಾವರಂ ಅಂತ ಊರು. ಅಲ್ಲಿ ಯುದ್ಧಕಾಲದ ವಿಮಾನಪಟ್ಟಿ ಇತ್ತು. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಆ ಪಟ್ಟಿಯಲ್ಲಿ ಡ್ರಮ್ಮು, ಹುಲ್ಲಿನ ಪಿಂಡಿ ಇಟ್ಟು ತಿರುವು ಮಾಡಿ ರೇಸ್ ನಡೆಸೋಕೆ ಶುರು ಮಾಡಿದರು. ಮುಂದೆ ಮೂರೂವರೆ ದಶಕ ಭಾರತದಲ್ಲಿ ರೇಸ್ ಅಂದ್ರೆ ಸೋಲಾವರಂ. ಕಲ್ಕತ್ತಾ ಕಡೆಯವರಿಗೆ ಬ್ಯಾರಕ್‌ಪುರದ ಪಟ್ಟಿ ಇತ್ತು, ಆದರೆ ಹೆಸರಾಗಿದ್ದು ಸೋಲಾವರಮ್ಮೇ. ರಾಜಮನೆತನದವರು, ಗಿರಣಿ ಮಾಲಿಕರ ಮಕ್ಕಳು ವಿದೇಶಿ ಕಾರು ತರ್ತಿದ್ರು. ನಮ್ಮ ವಿಜಯ ಮಲ್ಯ ಅಲ್ಲಿ ಎನ್ಸೈನ್ ಕಂಪನಿಯ ಹಳೇ ಫಾರ್ಮುಲಾ ಒನ್ ಕಾರನ್ನೇ ಓಡಿಸಿದ್ದರು. (ಅವರ ಮುಂದಿನ ಓಟದ ಬಗ್ಗೆ ನಾನು ಹೇಳಬೇಕಾಗಿಲ್ಲ :-))

ಇಲ್ಲಿ ನಿಂತು ಒಂದು ಮಾತು. ಬೆಳಗಾವಿಗೂ ಒಂದು ಯುದ್ಧಕಾಲದ ವಿಮಾನಪಟ್ಟಿ ಇದೆ, ಸಾಂಬ್ರಾದಲ್ಲಿ. ಚಿಕ್ಕವನಿದ್ದಾಗ ಆ ಕಡೆ ಹೋದಾಗೆಲ್ಲ ಬೇಲಿ ಆಚೆಗಿನ ಉದ್ದ ಕರೀ ಪಟ್ಟಿ ನೋಡಿ ಬಾಯಿ ಬಿಡ್ತಿದ್ದೆ. ಸೋಲಾವರಂ ಓದಿದಾಗ ಮೊದಲು ಬಂದ ಯೋಚನೆ, ಹಾಗಾದ್ರೆ ಸಾಂಬ್ರಾ ಯಾಕಾಗಲಿಲ್ಲ? ಉತ್ತರ ಸಿಂಪಲ್. ಸಾಂಬ್ರಾವನ್ನ ವಾಯುಪಡೆ ಬಿಡಲೇ ಇಲ್ಲ. ಏರ್‌ಮೆನ್ ತರಬೇತಿ ಶಾಲೆ ಅಲ್ಲೇ ಇದೆ, ಮೂಲೆಯಲ್ಲಿ ನಾಗರಿಕ ವಿಮಾನ ನಿಲ್ದಾಣ, 2017ರಲ್ಲಿ ಪಟ್ಟಿ ಉದ್ದ ಮಾಡಿ ಹೊಸ ಟರ್ಮಿನಲ್ ತೆರೆದರು. ಅದು ಬೆಳಗಾವಿಗೆ ಒಳ್ಳೇದೇ ಆಯ್ತು ಬಿಡಿ. ಆದರೂ ಯಾರೂ ಬಳಸದೇ ಬಿಟ್ಟ ಜಾಗವೇ ರೇಸಿಗೆ ತವರುಮನೆ ಆಗೋದು. ನಮ್ಮೂರಲ್ಲಿ ಅಂಥ ಜಾಗ ಉಳೀಲಿಲ್ಲ.

ಸೋಲಾವರಂಗೆ ವಾಪಸ್. ವಿದೇಶಿ ಕಾರಿಲ್ಲದ ಮಂದಿ ಏನು ಓಡಿಸ್ತಿದ್ರು? ಅಂಗಡಿಯಲ್ಲಿದ್ದದ್ದು ಮೂರು. ಕಲ್ಕತ್ತಾ ಹತ್ತಿರದ ಉತ್ತರಪಾರಾದ ಅಂಬಾಸಡರ್, ಮುಂಬಯಿಯ ಫಿಯಟ್, ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಆಮದಿಗೆ ನಿರ್ಬಂಧ, ಹೊಸ ಕಾರಿಗೆ ವರ್ಷಗಟ್ಟಲೆ ಸರದಿ. ಹಾಗಾಗಿ ಆಯ್ಕೆ ಅನ್ನೋದೇ ಇರಲಿಲ್ಲ. ಅಂಬಾಸಡರ್ ಭಾರ, ಹಿಂದೆ ಎಲೆ ಸ್ಪ್ರಿಂಗು, ತಿರುವಿನಲ್ಲಿ ಹಡಗು. 1089 ಸಿಸಿ ಫಿಯಟ್ ಅದಕ್ಕಿಂತ ಹಗುರ, ಚುರುಕು, 1974ರಿಂದ ಪದ್ಮಿನಿ ಅಂತ ಹೆಸರು. ಗೇರು ಮಾತ್ರ ಸ್ಟಿಯರಿಂಗ್ ಪಕ್ಕ, ಅವಸರದಲ್ಲಿ ಎರಡರಿಂದ ಮೂರಕ್ಕೆ ಹಾಕೋದು ಒಂದು ಕಸರತ್ತು. 1961ರಲ್ಲಿ ಬಂದ ಹೆರಾಲ್ಡ್ ನನಗೆ ಇದರಲ್ಲಿ ಅತಿ ಇಷ್ಟ. ಇಡೀ ಮೂತಿಯೇ ಮುಂದಕ್ಕೆ ಮಗುಚಿ ತೆರೆದುಕೊಳ್ಳತ್ತೆ, ಮುಂದಿನ ಗಾಲಿ ಮೇಲೆ ಕೂತು ಎಂಜಿನ್ ರಿಪೇರಿ ಮಾಡಬಹುದು. ಆದರೆ ಹಿಂದಿನ ಚಕ್ರಗಳು ತಿರುವಿನ ಮಧ್ಯ ಆಕ್ಸಿಲರೇಟರ್ ಬಿಟ್ಟರೆ ಒಳಕ್ಕೆ ಮಡಚಿಕೊಂಡು ಬಾಲ ಹೊರಗೆ ಎಸೀತಿದ್ವು. ಧೈರ್ಯವಂತರ ಕಾರು.

ಇವನ್ನೇ ಕೊರೆದು, ಉಜ್ಜಿ, ಸೀಟು ಕಿತ್ತು, ಸೈಲೆನ್ಸರ್ ತೆಗೆದು ಓಡಿಸಿದರು. ಸಿಲಿಂಡರ್ ಹೆಡ್ಡನ್ನ ಲೇತಿನಲ್ಲಿ ಸ್ವಲ್ಪ ಕೆರೆದರೆ ಕಂಪ್ರೆಶನ್ ಏರತ್ತೆ, ಎರಡು ಕಾರ್ಬುರೇಟರ್ ಕೂರಿಸಿದರೆ ಉಸಿರಾಟ ಸುಲಭ. ಅಂಗಡಿಯಲ್ಲಿ ಏನೂ ಸಿಗದ ಕಾಲದಲ್ಲಿ ಎಲ್ಲವನ್ನೂ ಕೈಯಾರೆ ಮಾಡಬೇಕು. ಅದಕ್ಕೇ ನೋಡಿ, ಈ ಆಟ ಬೇರು ಬಿಟ್ಟಿದ್ದು ಲೇತು, ಫೌಂಡ್ರಿ ಇರೋ ಊರುಗಳಲ್ಲಿ. ಮದ್ರಾಸು, ಆಮೇಲೆ ಕೊಯಮತ್ತೂರು, ಈ ಕಡೆ ಕೊಲ್ಹಾಪುರ.

ಈಗ 1983. ಡಿಸೆಂಬರ್ 14ಕ್ಕೆ ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿಯನ್ನ ಹರ್ಪಾಲ್ ಸಿಂಗ್ ಅನ್ನೋರ ಕೈಗೆ ಕೊಟ್ಟರು. 796 ಸಿಸಿ, ಮೂರು ಸಿಲಿಂಡರ್, ಬೆಲೆ ಐವತ್ತು ಸಾವಿರ ಆಸುಪಾಸು, ತೂಕ ಸುಮಾರು 650 ಕೆ.ಜಿ. ಈ ಕೊನೇ ಅಂಕಿ ಗಮನಿಸಿ. ಅಂಬಾಸಡರ್ ಪಕ್ಕ ನಿಲ್ಲಿಸಿದರೆ ಹೆಚ್ಚು ಕಡಿಮೆ ಅರ್ಧ. ಮುಂದೆ ಡಿಸ್ಕ್ ಬ್ರೇಕು, ಮುಂದಿನ ಚಕ್ರಗಳೇ ಎಳೆಯೋ ವ್ಯವಸ್ಥೆ, ನೆಲದ ಮೇಲೆ ಗೇರು. ಹಳೇ ರೇಸಿನವರು ಮೊದಲು ನಕ್ಕಿರಬೇಕು. ಆದರೆ ಒಬ್ಬರು ನಗಲಿಲ್ಲ.

ಎಸ್. ಕರಿವರ್ಧನ್. ಕೊಯಮತ್ತೂರಿನ ಗಿರಣಿ ಮನೆತನದವರು, ಸ್ವತಃ ರೇಸ್ ಓಡಿಸ್ತಿದ್ದವರು, ಕಾರು ಕಟ್ಟೋರು. ದುಡ್ಡಿತ್ತು, ಬೇಕಾದ್ದು ತರಿಸಿ ತಾವು ಗೆದ್ದು ಸುಮ್ಮನಿರಬಹುದಿತ್ತು. ಅವರು ಮಾಡಿದ್ದೇ ಬೇರೆ. ಕೊಳವೆಗಳನ್ನ ಬೆಸೆದು ಒಂದು ಹಗುರ ಚಾಸಿ, ಒಬ್ಬನೇ ಕೂರೋ ಜಾಗ, ಚಕ್ರಗಳು ಹೊರಗೆ, ಬೆನ್ನ ಹಿಂದೆ ಮಾರುತಿ 800ರದ್ದೇ ಎಂಜಿನ್ನು. 1988ರಲ್ಲಿ ಬಂದ ಇದಕ್ಕೆ ಫಾರ್ಮುಲಾ ಮಾರುತಿ ಅಂತ ಹೆಸರು. ಎಲ್ಲರಿಗೂ ಒಂದೇ ತರದ ಕಾರು, ಹಾಗಾಗಿ ದುಡ್ಡಿಗಿಂತ ಕೈ ಮುಖ್ಯ ಆಯ್ತು. ಎಂಜಿನ್ ಕೆಟ್ಟರೆ ಯಾವ ಊರಿನ ಗ್ಯಾರೇಜಿನಲ್ಲಾದರೂ ಭಾಗ ಸಿಗತ್ತೆ. ನಾನೊಬ್ಬ ಸಾಫ್ಟ್‌ವೇರ್ ಕೂಲಿ, ನನ್ನ ಕಣ್ಣಿಗೆ ಇದು ಅದ್ಭುತ ಡಿಸೈನ್ ನಿರ್ಧಾರ. ಅತಿ ವೇಗದ ಭಾಗ ಆರಿಸಬೇಡ, ಅತಿ ಸುಲಭವಾಗಿ ಸಿಗೋ ಭಾಗ ಆರಿಸು.

ಫಲ? ಕೊಯಮತ್ತೂರಿನ ಹುಡುಗ ನರೇನ್ ಕಾರ್ತಿಕೇಯನ್ ಶುರು ಮಾಡಿದ್ದು ಫಾರ್ಮುಲಾ ಮಾರುತಿಯಲ್ಲಿ. 2005ರಲ್ಲಿ ಜೋರ್ಡನ್ ತಂಡದಿಂದ ಫಾರ್ಮುಲಾ ಒನ್ ಓಡಿಸಿದ ಮೊದಲ ಭಾರತೀಯನಾದ. ಎರಡನೆಯವನು ಕರುಣ್ ಚಂದೋಕ್, ಅವನೂ ಅದೇ ಮೆಟ್ಟಿಲು ಹತ್ತಿದವನು. ನಮ್ಮ ಅವ್ವಂದಿರು ತರಕಾರಿ ತರೋಕೆ ಹೋಗ್ತಿದ್ದ ಎಂಜಿನ್ ಅದು! ಕರಿವರ್ಧನ್ ಇದ್ಯಾವುದನ್ನೂ ನೋಡಲಿಲ್ಲ. 1995ರಲ್ಲಿ ಚಿಕ್ಕ ವಿಮಾನದ ಅಪಘಾತದಲ್ಲಿ ತೀರಿಕೊಂಡರು. 2003ರಲ್ಲಿ ಕೊಯಮತ್ತೂರು ಹತ್ತಿರ ಚೆಟ್ಟಿಪಾಳ್ಯದಲ್ಲಿ ತೆರೆದ ಟ್ರ್ಯಾಕಿಗೆ ಅವರ ಹೆಸರೇ ಇಟ್ಟಿದ್ದಾರೆ, ಕರಿ ಮೋಟಾರ್ ಸ್ಪೀಡ್‌ವೇ. ಎರಡು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ, ಚಿಕ್ಕದು, ಇಕ್ಕಟ್ಟು. ಅದೇ ನನ್ನಂಥವರಿಗೆ ಅನುಕೂಲ ಅನ್ನೋದು ಆಮೇಲೆ ಗೊತ್ತಾಯ್ತು.

ಅಷ್ಟರಲ್ಲಿ ಸೋಲಾವರಂ ಕಾಲ ಮುಗಿದಿತ್ತು. ಕ್ಲಬ್ಬಿನವರು ಸ್ವಂತ ಜಾಗ ಕೊಂಡು ಶ್ರೀಪೆರಂಬುದೂರು ದಾರಿಯ ಇರುಂಗಾಟ್ಟುಕೋಟೈಯಲ್ಲಿ 3.7 ಕಿ.ಮೀ. ಟ್ರ್ಯಾಕ್ ಕಟ್ಟಿದರು, 1990ರಲ್ಲಿ ಶುರುವಾಯ್ತು. 2011ರಲ್ಲಿ ಬಂದ ಗ್ರೇಟರ್ ನೋಯ್ಡಾದ ಬುದ್ಧ ಸರ್ಕಿಟ್ ಬಗ್ಗೆ ಎಲ್ಲರಿಗೂ ಗೊತ್ತು. ಮೂರು ವರ್ಷ ಫಾರ್ಮುಲಾ ಒನ್ ಬಂತು, 2013ಕ್ಕೆ ನಿಂತಿತು. ಐದು ಕಿಲೋಮೀಟರಿಗೂ ಉದ್ದದ ಟ್ರ್ಯಾಕು, ಅಲ್ಲಿ 800 ತಗೊಂಡು ಹೋದ್ರೆ ನೇರ ದಾರಿ ಮುಗಿಯೋಷ್ಟರಲ್ಲಿ ಒಂದು ಚಹಾ ಕುಡೀಬಹುದು. ನಮ್ಮ ಕರ್ನಾಟಕದಲ್ಲಿ ಕಾರ್ಟ್ ಟ್ರ್ಯಾಕುಗಳಿವೆ, ಮದ್ರಾಸಿನ ತರದ್ದು ಇಲ್ಲ. ನಮ್ಮದು ರ‍್ಯಾಲಿ ನಾಡು. ಕೆ-1000 ರ‍್ಯಾಲಿ, ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣು ದಾರಿ, ಅದೇ ನಮ್ಮ ಪರಂಪರೆ. ಅದನ್ನ ಬರೆಯೋಕೆ ಕೂತರೆ ಇನ್ನೊಂದು ಲೇಖನ ಆಗತ್ತೆ.

90ರ ದಶಕದ ಕಾರುಗಳಿಗೆ ಬರೋಣ, ಯಾಕಂದ್ರೆ ನನ್ನ ಬಜೆಟ್ಟಿಗೆ ಬರೋದು ಅವೇ. 1993ರಲ್ಲಿ ಝೆನ್, 993 ಸಿಸಿ, 50 ಕುದುರೆ. 1994ರಲ್ಲಿ ಎಸ್ಟೀಮ್, 1298 ಸಿಸಿ. ಮೊದಲು 65 ಕುದುರೆ ಇದ್ದದ್ದು ಆಮೇಲೆ ಎಂಪಿಎಫ್ಐ ಬಂದಾಗ 85 ಆಯ್ತು. ಈ ಎಸ್ಟೀಮ್ ಎಷ್ಟು ಹಗುರ ಅಂದ್ರೆ, ಉದ್ದ ಡಿಕ್ಕಿ ಇರೋ ಸಂಸಾರದ ಕಾರು ಸುಮಾರು 875 ಕೆ.ಜಿ. ಬಾಗಿಲು ಹಾಕಿದರೆ ತಗಡಿನ ಡಬ್ಬಿ ಮುಚ್ಚಿದ ಸದ್ದು. ಸೇಲ್ಸಿನವರಿಗೆ ಅದೊಂದು ತಲೆನೋವು, ರೇಸಿನವರಿಗೆ ಅದೇ ವರ. ರ‍್ಯಾಲಿಯಲ್ಲಿ, ಸಲೂನ್ ಕಾರ್ ರೇಸಿನಲ್ಲಿ ವರ್ಷಗಟ್ಟಲೆ ಎಸ್ಟೀಮಿನದೇ ದರಬಾರು. ಆಮೇಲೆ 1998ರ ಹೋಂಡಾ ಸಿಟಿ, ಅದರ ವಿಟೆಕ್ ಎಂಜಿನ್ 106 ಕುದುರೆ. 1999ರ ಫೋರ್ಡ್ ಐಕಾನ್, 2001ರ ಫಿಯಟ್ ಪಾಲಿಯೋ 1.6. ಒಂದೊಂದಕ್ಕೂ ಒಂದೊಂದು ಭಕ್ತ ಮಂಡಳಿ ಇದೆ, ಅವರ ಮಧ್ಯ ಬಾಯಿ ಬಿಟ್ಟರೆ ಜಗಳ ಗ್ಯಾರಂಟಿ. 2010ರಲ್ಲಿ ಪೋಲೋ ಕಪ್, ಆಮೇಲೆ ಟೊಯೊಟಾದ ಎಟಿಯೋಸ್ ರೇಸು ಬಂದ್ವು. ಆದರೆ ಅಲ್ಲಿ ಕಂಪನಿಯೇ ಕಾರು ಕೊಡತ್ತೆ, ನೀವು ಶುಲ್ಕ ಕಟ್ಟಿ ಓಡಿಸೋದು. ಒಳ್ಳೇದೇ, ಆದರೆ ಗ್ರೀಸು ಹತ್ತದ ರೇಸು ನನಗೆ ಅಷ್ಟಾಗಿ ಹಿಡಿಸಲ್ಲ.

ಸರಿ, ಲೆಕ್ಕ ಹಾಕಿದೆ. ಎಂಜಿನಿಯರಿಂಗ್ ಡಿಗ್ರಿ ಇನ್ಯಾತಕ್ಕೆ. ಟನ್ನಿಗೆ ಎಷ್ಟು ಕುದುರೆ ಅಂತ ನೋಡಿದರೆ 800ಕ್ಕೆ ಐವತ್ತೇಳು ಚಿಲ್ಲರೆ, ಝೆನ್‌ಗೆ ಅರವತ್ತೆಂಟರ ಹತ್ತಿರ, ಎಂಪಿಎಫ್ಐ ಎಸ್ಟೀಮಿಗೆ 97, ಸಿಟಿ ವಿಟೆಕ್ಕಿಗೆ ನೂರು. ಅಂದ್ರೆ ಎಸ್ಟೀಮ್ ತಗೋ ಅಂತ ಕಾಗದ ಹೇಳತ್ತೆ. ಆದರೆ ಟ್ರ್ಯಾಕಿನಲ್ಲಿ ಮೊದಲು ಸಾಯೋದು ಎಂಜಿನ್ ಅಲ್ಲ, ಬ್ರೇಕು. ಗಂಟೆಗೆ 120ರಿಂದ 60ಕ್ಕೆ ಇಳಿಸೋಕೆ ಡ್ರೈವರ್ ಸಮೇತ 720 ಕೆ.ಜಿ.ಯ ಗಾಡಿ ಸುಮಾರು 300 ಕಿಲೋಜೂಲ್ ಶಾಖ ಉಗುಳತ್ತೆ. 1120 ಕೆ.ಜಿ.ಯದ್ದು 466. ಒಂದು ಸುತ್ತಿಗೆ ಐದಾರು ಸಲ, ಹತ್ತು ಸುತ್ತು. ಬ್ರೇಕ್ ಆಯಿಲ್ ಕುದಿಯೋಕೆ ಶುರುವಾದ್ರೆ ಪೆಡಲ್ಲು ಹತ್ತಿ ತುಂಬಿದ ದಿಂಬು. ಹಗುರ ಗಾಡಿಗೆ ಟೈರೂ ಕಮ್ಮಿ ಸವೀತದೆ. 800ರ ಹನ್ನೆರಡು ಇಂಚಿನ ಟೈರು ನಾಲ್ಕೂ ಸೇರಿ ದೊಡ್ಡ ಕಾರಿನ ಎರಡರ ಬೆಲೆ ಆಗಲ್ಲ. ಟ್ರ್ಯಾಕ್ ಡೇಗೆ ಕಾರು ಕೊಳ್ಳೋ ಖರ್ಚಿಗಿಂತ ಅದನ್ನ ಮೂರನೇ ಸಲ ಓಡಿಸೋ ಖರ್ಚು ನೋಡಬೇಕು ಅಂತ ಅರ್ಥವಾಯ್ತು.

ಇದಿಷ್ಟೂ ಲೆಕ್ಕ. ಈಗ ಆ ಚಪ್ಪಟೆ ರೆಕ್ಕೆ.

2021ರ ಮಳೆಗಾಲ. ವರ್ಕ್ ಫ್ರಂ ಹೋಮ್ ಅಂತ ಊರಲ್ಲಿದ್ದೆ. ಕಾಕಾನ 800 ತಗೊಂಡು ನಾನು, ನನ್ನ ಗೆಳೆಯ ಜಾಂಬೋಟಿ ಕಡೆ ಹೋಗಿದ್ವಿ. ಖಾಲಿ ರಸ್ತೆ, ಎರಡೂ ಕಡೆ ಕಾಡು, ಸಣ್ಣ ಮಳೆ. ತಿರುವಿಗೆ ಬ್ರೇಕ್ ಎಲ್ಲಿ ಹಿಡೀಬೇಕು ಅಂತ ಅವನಿಗೆ ಪಾಠ ಹೇಳ್ತಾ ಹೇಳ್ತಾ ನಾನೇ ಹಿಡಿಯೋದು ತಡ ಮಾಡಿದೆ. ಗಾಡಿ ನೇರ ಹೋಗಿ ಮರಕ್ಕೆ ಎಡಮೂಲೆ ಕೊಟ್ಟಿತು. ನನಗೆ ತುಟಿ ಒಡೀತು ಅಷ್ಟೇ. ಅವನು ಎಡಕ್ಕೆ ಕೂತಿದ್ದ. ಭುಜದ ಎಲುಬು ಎರಡು ಕಡೆ ಮುರೀತು. ಇವತ್ತಿಗೂ ಅವನು ಎಡಗೈ ತಲೆ ಮೇಲೆ ಎತ್ತೋಕೆ ಬಲಗೈ ಸಹಾಯ ಬೇಕು. ಎದುರಿಂದ ಬೈಕಿನಲ್ಲಿ ಯಾರಾದರೂ ಬರ್ತಿದ್ದರೆ ಏನಾಗ್ತಿತ್ತು ಅನ್ನೋದನ್ನ ರಾತ್ರಿ ಎಚ್ಚರಾದಾಗ ಯೋಚಿಸ್ತೀನಿ. ಅಪ್ಪ ಆರು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಕಾಕಾ ಒಂದೇ ಒಂದು ಮಾತು ಬೈಲಿಲ್ಲ. ಗಾಡಿ ಎಳೆಸಿಕೊಂಡು ಬಂದು ತಾಡಪತ್ರಿ ಹಾಕಿದರು. ಬೈದಿದ್ರೇ ಚೆನ್ನಾಗಿತ್ತು.

ಬೆಳಗಾವಿ-ಖಾನಾಪುರ ರಸ್ತೆ ಈಗ ಅಗಲವಾಗಿದೆ, ನನ್ನ ವಯಸ್ಸಿನವರು ಅದನ್ನೇ ಟ್ರ್ಯಾಕು ಮಾಡ್ಕೊಂಡಿದ್ದಾರೆ. ನೋಡಿದಾಗೆಲ್ಲ ಹೊಟ್ಟೆಯಲ್ಲಿ ಕಲಸಿದ ಹಾಗಾಗತ್ತೆ. ನನಗೆ ಈ ಹುಚ್ಚು ಹೋಗಿಲ್ಲ, ಹೋಗೋದೂ ಇಲ್ಲ ಅನ್ಸತ್ತೆ. ಅದಕ್ಕೇ ಟ್ರ್ಯಾಕ್ ಡೇ. ಇದು ಮೋಜಿನ ಖರ್ಚು ಅಂತ ನಿಮಗನ್ನಿಸಿದರೆ ಅನ್ನಿಸಲಿ.

ಉದ್ಯಮಬಾಗದಲ್ಲಿ ನನಗೆ ಪರಿಚಯದ ಮಿಸ್ತ್ರಿ ಒಬ್ಬರಿದ್ದಾರೆ. ಬೆಳಗಾವಿ ಗೊತ್ತಿಲ್ಲದವರಿಗೆ ಹೇಳ್ತೀನಿ, ಉದ್ಯಮಬಾಗ ಅಂದ್ರೆ ಖಾನಾಪುರ ರಸ್ತೆಯಲ್ಲಿರೋ ಕೈಗಾರಿಕಾ ಪ್ರದೇಶ. ಫೌಂಡ್ರಿ, ಮಶಿನ್ ಶಾಪ್, ಹೈಡ್ರಾಲಿಕ್ಸು. ದೇಶದ ಎಷ್ಟೋ ಎಂಜಿನ್ನುಗಳ ಕ್ರ್ಯಾಂಕ್‌ಶಾಫ್ಟು, ಎರಕದ ಭಾಗಗಳು ಬೆಳಗಾವಿಯಲ್ಲಿ ಹುಟ್ಟಿ ಹೋಗ್ತವೆ. ಕೊಯಮತ್ತೂರಿನಲ್ಲಿ ಇದ್ದದ್ದೆಲ್ಲ ನಮ್ಮಲ್ಲೂ ಇತ್ತು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಕಬ್ಬಿಣ ಇತ್ತು, ಕೈ ಇತ್ತು. ಇಲ್ಲಿಂದ ನೂರು ಚಿಲ್ಲರೆ ಕಿಲೋಮೀಟರಿನ ಕೊಲ್ಹಾಪುರದಲ್ಲೂ ಅದೇ ಫೌಂಡ್ರಿ, ಅಲ್ಲಿ ಮೊಹಿತೆ ಅವರ ರೇಸಿಂಗ್ ಅಕಾಡೆಮಿ, ಕಾರ್ಟ್ ಟ್ರ್ಯಾಕು ಎದ್ದಿತು. ನಮ್ಮಲ್ಲಿ ಕರಿವರ್ಧನ್ ತರ, ದುಡ್ಡೂ ಇದ್ದು ಗ್ರೀಸಿಗೆ ಕೈ ಹಾಕೋ ಹುಚ್ಚೂ ಇದ್ದ ಒಬ್ಬರು ಹುಟ್ಟಲಿಲ್ಲ. ಒಬ್ಬ ಮನುಷ್ಯನ ಮೇಲೆ ಇಷ್ಟೆಲ್ಲ ನಿಂತಿರತ್ತಾ ಅಂತ ನೀವು ಕೇಳಬಹುದು. ಈ ಆಟದಲ್ಲಿ ನಿಂತಿರತ್ತೆ ಅಂತಲೇ ನನ್ನ ಅಭಿಪ್ರಾಯ.

ಮಿಸ್ತ್ರಿ ಹತ್ತಿರ ಒಂದು ಎಸ್ಟೀಮ್ ಇತ್ತು, 2003ರದ್ದು, ಎಂಜಿನ್ ಚೆನ್ನಾಗಿದೆ, ಬುಡ ತುಕ್ಕು. ಎಂಬತ್ತು ಸಾವಿರ ಅಂದರು. ಅದರ ಮೇಲೆ ಕೈ ಆಡಿಸ್ತಾ ನಾನು ಕಾಕಾನ ಗಾಡಿ ವಿಷಯ ತೆಗೆದೆ.

"ಅದು ನಿಂತು ಎಷ್ಟ ವರ್ಷ ಆತ್ರಿ?"

"ನಾಕು."

"ಮರಕ್ಕ ಹೊಡದದ್ದ ಹೌದಲ್ರಿ? ಚಾಸಿ ಉದ್ದಕ ಸರಳ ಐತೋ ಇಲ್ಲೋ ಮೊದಲ ಅಳೀಬೇಕು. ಸರಳ ಇದ್ರ ಅದರಾಗs ಮಾಡ್ರಿ. ಕಲಿಯೂ ಮಂದಿಗೆ ಎಸ್ಟೀಮ್ ಯಾಕ? ಎಸ್ಟೀಮ್ ನಿಮ್ಮ ತಪ್ಪು ಮುಚ್ಚತೈತಿ. 800 ಮುಚ್ಚೂದಿಲ್ರಿ, ಎಲ್ಲಾರ ಮುಂದ ತೋರಸ್ತೈತಿ."

ಆಸ್ಟಿನ್ 7ರಿಂದ ಹಿಡಿದು ನೂರು ವರ್ಷದ ಇತಿಹಾಸ ಓದಿ ನಾನು ಬರೆಯಬೇಕೆಂದಿದ್ದ ಸಾಲನ್ನ ಅವರು ಸ್ಪ್ಯಾನರ್ ಒರೆಸ್ತಾ ಹೇಳಿಬಿಟ್ಟರು.

ಆದರೆ ತೊಂದರೆ ಇದೆ, ಕಾನೂನಿಂದ ಶುರು ಮಾಡ್ತೀನಿ. ಗಾಡಿಯ ನೋಂದಣಿ 2022ಕ್ಕೇ ಮುಗಿದಿದೆ. ಆ ವರ್ಷದಿಂದ 15 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕ 600ರಿಂದ 5,000 ಆಯ್ತು, 2025ರಲ್ಲಿ 20 ವರ್ಷ ದಾಟಿದ್ದಕ್ಕೆ 10,000 ಮಾಡಿದರು. ಕೊಟ್ಟರೂ, ಸೀಟು ಕಿತ್ತು ಕೊಳವೆ ಪಂಜರ ಬೆಸೆದರೆ ಅದು ರಸ್ತೆಗೆ ಇಳಿಯೋ ಹಾಗಿಲ್ಲ. ಕಂಪನಿ ಕೊಟ್ಟ ವಿನ್ಯಾಸ ಬದಲಿಸಬಾರದು ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮಾಮೂಲಿ ವಿಮೆಯೂ ರೇಸು, ವೇಗ ಪರೀಕ್ಷೆಗೆ ಅನ್ವಯಿಸಲ್ಲ, ಪಾಲಿಸಿ ತೆಗೆದು ಓದಿ ನೋಡಿ. ಹಾಗಾಗಿ ಟ್ರ್ಯಾಕಿಗೆ ಅಂತ ಮಾಡಿದ ಗಾಡಿಯನ್ನ ಟೆಂಪೋ ಮೇಲೆ ಹೇರಿಕೊಂಡೇ ಹೋಗಬೇಕು. ಬೆಳಗಾವಿಯಿಂದ ಕೊಯಮತ್ತೂರು ಎಂಟುನೂರು ಕಿಲೋಮೀಟರಿಗೂ ಮೇಲೆ. ಆ ಬಾಡಿಗೆ ಕೇಳಿದಾಗ ಎಸ್ಟೀಮಿನ ಬೆಲೆ ಕಮ್ಮಿ ಅನ್ನಿಸಿತು. ಇನ್ನು 800ರಲ್ಲಿ ಏರ್‌ಬ್ಯಾಗಿಲ್ಲ, ತಗಡು ತೆಳ್ಳಗೆ. ಪಂಜರ, ಒಳ್ಳೆ ಸೀಟು, ಅಗಲ ಬೆಲ್ಟು ಇಲ್ಲದೆ ನಾನು ಕೂರಲ್ಲ. ಒಂದು ಸಲ ಮರ ನೋಡಿದ್ದು ಸಾಕು. ಇದಕ್ಕೇ ಎಸ್ಟೀಮಿನಷ್ಟು ದುಡ್ಡು ಹೋಗತ್ತೆ, ಅದು ಗೊತ್ತಿದ್ದೇ ಹೇಳ್ತಿದೀನಿ.

ಇವೆಲ್ಲಕ್ಕಿಂತ ದೊಡ್ಡ ತೊಂದರೆ ಕಾಕಾ. ಆ ಗಾಡಿ ಅವರು ಮಾಸ್ತರಿಕೆ ಸಂಬಳದಲ್ಲಿ ಸಾಲ ಮಾಡಿ ತಂದದ್ದು. ಓಣಿಯಲ್ಲಿ ರಾತ್ರಿ ಯಾರಿಗೆ ಎದೆ ನೋವು ಬಂದರೂ, ಯಾರಿಗೆ ಹೆರಿಗೆ ನೋವು ಬಂದರೂ ಬೆಳಗಾವಿ ಆಸ್ಪತ್ರೆಗೆ ಅದೇ ಗಾಡಿ. ಪಂಜರ ಕೂರಿಸಬೇಕಂದ್ರೆ ಹಿಂದಿನ ಸೀಟು ತೆಗೀಬೇಕು, ನೆಲಕ್ಕೆ ಬೆಸುಗೆ ಹಾಕಬೇಕು. ಒಮ್ಮೆ ಹಾಕಿದರೆ ಅದು ಮತ್ತೆ ಮನೆ ಗಾಡಿ ಆಗಲ್ಲ. ಹಬ್ಬದ ಮರುದಿನ ಹಿತ್ತಲಲ್ಲಿ ತಾಡಪತ್ರಿ ಸರಿಸಿ ನಿಂತು, ಎರಡು ದಿನ ಬಾಯಿಪಾಠ ಮಾಡಿದ್ದ ಮಾತನ್ನೆಲ್ಲ ಮರೆತು, ಸುಮ್ಮನೆ ಕೇಳಿಬಿಟ್ಟೆ.

"ಕಾಕಾ, ಈ ಗಾಡಿ ನನಗ ಕೊಡ್ತೀರೇನು? ರಸ್ತೆದಾಗ ಹೊಡ್ಯಾಂಗಿಲ್ರಿ. ರೇಸಿನ ಜಾಗಾದಾಗ ಅಷ್ಟs."

ಕಾಕಾ ಬಾಗಿಲು ತೆಗೆದು ಒಳಗೆ ಬಗ್ಗಿ ನೋಡಿದರು. ಸೀಟಿನ ರೆಗ್ಜಿನ್ನು ಇಲಿ ಕಡಿದಿತ್ತು.

"ಹಿಂದಿನ ಸೀಟು ತಗೀತಿ?"

"ತಗೀಬೇಕಾಗತೈತ್ರಿ."

"ನಿಮ್ಮವ್ವ ನಿನ್ನ ದವಾಖಾನಿಂದ ಮನೀಗೆ ತಂದಾಗ ಇದs ಸೀಟಿನ್ಯಾಗ ಕುಂತಿದ್ಲು. ಗಾಡಿ ಬಂದು ಇನ್ನಾ ತಿಂಗಳ ಆಗಿದ್ದಿಲ್ಲ. ಪ್ಲಾಸ್ಟಿಕ್ ಕವರ್ ಸೈತ ತಗದಿದ್ದಿಲ್ಲ."

ನಾನು ಏನೂ ಹೇಳಲಿಲ್ಲ.

"ಆ ಹುಡುಗಗ ಕೇಳಿದಿ?"

ಯಾವ ಹುಡುಗ ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಕೇಳಿರಲಿಲ್ಲ. ಹೌದಲ್ಲ, ಎಷ್ಟೆಲ್ಲ ಓದಿದೆ, ಲೆಕ್ಕ ಹಾಕಿದೆ, ಅವನನ್ನ ಮಾತ್ರ ಕೇಳಿರಲಿಲ್ಲ.

"ಮೊದಲ ಅವನ್ನ ಕೇಳು. ಅವ ಹೂಂ ಅಂದ್ರ ತಗೊಂಡ ಹೋಗು. ಸೀಟು ಮಾತ್ರ ಗುಜರಿಗೆ ಹಾಕಬ್ಯಾಡ. ಅಟ್ಟದ ಮ್ಯಾಲೆ ಇಡೂಣು."

ಅವತ್ತೇ ಸಂಜೆ ಗೆಳೆಯನ ಮನೆಗೆ ಹೋದೆ. ಅವನು ಪೂರ್ತಿ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಟ್ರ್ಯಾಕಿನ್ಯಾಗ ಗಿಡಾ ಇರ್ತಾವೇನಲೇ?" ಅಂದ. ಇಲ್ಲ, ಮಣ್ಣು, ಟೈರಿನ ಗೋಡೆ ಇರ್ತಾವು ಅಂದೆ. "ಹಂಗಾದ್ರ ನಾನೂ ಬರ್ತೀನಿ. ಕುಂದ್ರಂಗಿಲ್ಲ. ಹೊರಗ ನಿಂತು ಟೈಮ್ ಬರ್ಕೋತೀನಿ." ಕೂರೋದಿಲ್ಲ ಅಂತ ಎರಡು ಸಲ ಹೇಳಿದ.

ಹೋದ ಶನಿವಾರ ಗಾಡಿಯನ್ನ ಟೆಂಪೋ ಮೇಲೆ ಉದ್ಯಮಬಾಗಕ್ಕೆ ತಂದ್ವಿ. ಗಣೇಬೈಲಿನ ಟೋಲ್ ದಾಟೋವರೆಗೂ ಕಾಕಾ ಟೆಂಪೋ ಕನ್ನಡಿಯಲ್ಲಿ ಹಿಂದೆ ಹಿಂದೆ ನೋಡ್ತಾನೇ ಇದ್ದರು. ಮಿಸ್ತ್ರಿ ದಾರ, ತೂಕದ ಗುಂಡು, ಅಳತೆ ಟೇಪು ಹಿಡಿದು ಎರಡು ತಾಸು ಚಾಸಿ ಕೆಳಗೇ ಇದ್ದರು. ಎಡಗಡೆ ಮುಂದೆ ಒಂಬತ್ತು ಮಿಲಿಮೀಟರ್ ಒಳಗೆ ಹೋಗಿದೆಯಂತೆ. ಎಳೀಬಹುದು ಅಂದರು. ಮೂರು ಸಿಲಿಂಡರಿನಲ್ಲಿ ಎರಡು ಸರಿಯಾಗಿವೆ, ಮೂರನೆಯದಕ್ಕೆ ಕಂಪ್ರೆಶನ್ ಕಮ್ಮಿ, ರಿಂಗು ಹಿಡಿದುಕೊಂಡಿರಬೇಕು. ಪ್ಲಗ್ ತೂತಿನಲ್ಲಿ ಎಣ್ಣೆ ಬಿಟ್ಟು ಒಂದು ವಾರ ಹಾಗೇ ಇಟ್ಟಿದ್ದಾರೆ. ಕಾಕಾ ಹೊರಡೋವಾಗ ಮಿಸ್ತ್ರಿಗೆ ಕೈ ಮುಗಿದು, "ಬ್ರೇಕ್ ಒಮ್ಮಿ ಚಂದಂಗಿ ನೋಡ್ರಿ" ಅಂತಷ್ಟೇ ಹೇಳಿದರು.